ಮುಕ್ತ ವ್ಯಾಪಾರವೂ ಪರರ ನೆಲವೂ: ಲಾಭ ಯಾರಿಗೆ?

ಎರಡು ದೇಶಗಳು ವ್ಯಾಪಾರದ ಒಪ್ಪಂದವೊಂದಕ್ಕೆ ಸಹಿ ಹಾಕಿದ ಮರುದಿನ ವೃತ್ತಪತ್ರಿಕೆಗಳಲ್ಲಿ ಬರುವ ಮಾತು ಬಹುಮಟ್ಟಿಗೆ ಒಂದೇ ಬಗೆಯದಾಗಿರುತ್ತದೆ: ಇದರಿಂದ ಎರಡು ದೇಶಗಳಿಗೂ ಲಾಭ. ಒಂದು ದೇಶದ ಬಂಡವಾಳಗಾರರು ಇನ್ನೊಂದು ದೇಶದ ಬೇಸಾಯದ ನೆಲವನ್ನು ದೀರ್ಘಕಾಲದ ಗುತ್ತಿಗೆಗೆ ಹಿಡಿದಾಗಲೂ ಇದೇ ಮಾತು ಕೇಳಿಬರುತ್ತದೆ. ಈ ಮಾತು ಸುಳ್ಳೆಂದು ನಾನು ಹೇಳಲಾರೆ. ಆದರೆ ದೇಶವೆಂಬುದು ಊಟಮಾಡುವುದಿಲ್ಲ, ಸಾಲ ತೀರಿಸುವುದಿಲ್ಲ, ಮಗಳ ಮದುವೆ ಮಾಡುವುದಿಲ್ಲ. ಇವನ್ನೆಲ್ಲ ಮಾಡಬೇಕಾದವರು ಆ ದೇಶದ ಜನ. ಹೀಗಿರುವಲ್ಲಿ, ದೇಶಕ್ಕೆ ಲಾಭವಾಯಿತೆಂದಾಗ ಆ ದೇಶದಲ್ಲಿ ಯಾರಿಗೆ ಲಾಭವಾಯಿತು, ಯಾರ ಕೈ ಬರಿದಾಯಿತು ಎಂದು ಕೇಳುವುದು ನ್ಯಾಯವಾಗಿಯೇ ಇದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ, ಅದಕ್ಕೂ ಮೊದಲು ಬೇಸಾಯಗಾರರ ಮನೆಯಲ್ಲಿ ಹುಟ್ಟಿದವನಾಗಿ, ಈ ಪ್ರಶ್ನೆಗೆ ನನಗೆ ತಿಳಿದಮಟ್ಟಿಗೆ ಉತ್ತರ ಹುಡುಕುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಎರಡು ಮಾತುಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಹೊರದೇಶದಿಂದ ಬರುವ ಸರಕಿನ ಮೇಲೆ ಸರ್ಕಾರ ವಿಧಿಸುವ ತೆರಿಗೆಯೇ ಆಮದು ಸುಂಕ. ಎರಡು ಅಥವಾ ಹಲವು ದೇಶಗಳು ಪರಸ್ಪರ ಸರಕುಗಳ ಮೇಲಿನ ಸುಂಕವನ್ನು ಇಳಿಸುತ್ತೇವೆ, ಕ್ರಮೇಣ ತೆಗೆದುಹಾಕುತ್ತೇವೆ ಎಂದು ಬರೆದುಕೊಡುವುದು ಮುಕ್ತ ವ್ಯಾಪಾರದ ಒಪ್ಪಂದ. ಇನ್ನು, ಹೊರದೇಶದ ಕಂಪನಿಯೋ ಸರ್ಕಾರವೋ ಒಂದು ದೇಶದ ಸಾಗುವಳಿ ನೆಲವನ್ನು ಕೊಂಡು ಅಥವಾ ಗುತ್ತಿಗೆಗೆ ಪಡೆದು ಬೆಳೆ ತೆಗೆಯುವುದು ಬೇಸಾಯದ ನೆಲದಲ್ಲಿ ವಿದೇಶೀ ಬಂಡವಾಳ. ಮೊದಲನೆಯದರಲ್ಲಿ ಬೆಳೆ ಗಡಿ ದಾಟುತ್ತದೆ; ಎರಡನೆಯದರಲ್ಲಿ ಹಣವೇ ಗಡಿ ದಾಟಿ ಹೋಗಿ ಬೆಳೆಯ ಬುಡದಲ್ಲಿ ಕೂರುತ್ತದೆ. ಇವೆರಡಕ್ಕೂ ಇರುವ ನಂಟನ್ನು ತಿಳಿಯಲು ನಾವು ಮೆಕ್ಸಿಕೊ, ಮಡಗಾಸ್ಕರ್, ಇಥಿಯೋಪಿಯ ಈ ಮೂರು ದೇಶಗಳನ್ನು ನೋಡಿ, ಕೊನೆಗೆ ನಮ್ಮ ಮಲೆನಾಡಿಗೆ ಬರೋಣ.

ಮುಕ್ತ ವ್ಯಾಪಾರದ ಪರವಾಗಿ ಇರುವ ಅತ್ಯಂತ ಬಲವಾದ ವಾದವನ್ನು ಡೇವಿಡ್ ರಿಕಾರ್ಡೊ 1817ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮಂಡಿಸಿದನು. ನಮ್ಮ ತರಗತಿಗಳಲ್ಲಿ ಇಂದಿಗೂ ಅದನ್ನೇ ಓದುತ್ತೇವೆ. ಅವನ ಲೆಕ್ಕ ಹೀಗಿದೆ: ನಿರ್ದಿಷ್ಟ ಪ್ರಮಾಣದ ಬಟ್ಟೆ ನೇಯಲು ಇಂಗ್ಲೆಂಡಿನಲ್ಲಿ 100 ಜನರ ಒಂದು ವರ್ಷದ ದುಡಿಮೆ ಬೇಕು, ದ್ರಾಕ್ಷಾರಸ ತಯಾರಿಸಲು 120 ಜನ ಬೇಕು. ಪೋರ್ಚುಗಲ್ಲಿನಲ್ಲಿ ಅಷ್ಟೇ ಬಟ್ಟೆಗೆ 90 ಜನ, ಅಷ್ಟೇ ದ್ರಾಕ್ಷಾರಸಕ್ಕೆ 80 ಜನ ಸಾಕು. ಎರಡು ಕೆಲಸಗಳಲ್ಲಿಯೂ ಪೋರ್ಚುಗಲ್ಲೇ ಮುಂದು. ಆದರೂ ಇಂಗ್ಲೆಂಡು ಬಟ್ಟೆಯನ್ನಷ್ಟೇ, ಪೋರ್ಚುಗಲ್ಲು ದ್ರಾಕ್ಷಾರಸವನ್ನಷ್ಟೇ ಮಾಡಿ ಅದಲುಬದಲು ಮಾಡಿಕೊಂಡರೆ, 220 ಜನರ ಬದಲು 200 ಜನರಿಂದ ಒಂದು ಕಡೆ, 170ರ ಬದಲು 160 ಜನರಿಂದ ಇನ್ನೊಂದು ಕಡೆ ಕೆಲಸ ಸಾಗುತ್ತದೆ. ಯಾರೂ ಯಾರನ್ನೂ ವಂಚಿಸದೆ ಇಬ್ಬರಿಗೂ ಉಳಿತಾಯ. ಈ ಲೆಕ್ಕದಲ್ಲಿ ದೋಷವಿಲ್ಲ. ಇದನ್ನು ಮೊದಲ ಸಲ ಓದಿದಾಗ ನನಗೂ ಬಹಳ ಹಿಡಿಸಿತ್ತು.

ಆದರೆ ಲೆಕ್ಕದ ಹಿಂದೆ ಎರಡು ಊಹೆಗಳಿವೆ. ಒಂದು: ಇಂಗ್ಲೆಂಡಿನಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದವನು ಅದನ್ನು ಬಿಟ್ಟು ನೇಯ್ಗೆಗೆ ಹೋಗಬಲ್ಲ, ಪೋರ್ಚುಗಲ್ಲಿನ ನೇಕಾರನು ಮಗ್ಗ ಬಿಟ್ಟು ದ್ರಾಕ್ಷಿ ತೋಟಕ್ಕೆ ಹೋಗಬಲ್ಲ ಎಂಬುದು. ಎರಡು: ಬಂಡವಾಳ ತನ್ನ ದೇಶವನ್ನು ಬಿಟ್ಟು ಹೋಗುವುದಿಲ್ಲ ಎಂಬುದು. ಹಣವಂತನು ತನ್ನ ಹುಟ್ಟುನಾಡನ್ನೂ ಅಲ್ಲಿಯ ಕಾನೂನನ್ನೂ ಬಿಟ್ಟು ಪರದೇಶದಲ್ಲಿ ಹಣ ಹೂಡಲು ಸಹಜವಾಗಿಯೇ ಹಿಂಜರಿಯುತ್ತಾನೆಂದೂ, ಆ ಹಿಂಜರಿಕೆ ಕಡಿಮೆಯಾದರೆ ತನಗೆ ವಿಷಾದವಾಗುವುದೆಂದೂ ರಿಕಾರ್ಡೊ ತಾನೇ ಬರೆದಿದ್ದಾನೆ. ಇಂದು ಆ ಹಿಂಜರಿಕೆ ಉಳಿದಿಲ್ಲ. ಬೆಂಗಳೂರಿನಿಂದ ಆಫ್ರಿಕಕ್ಕೆ ಹಣ ಹೋಗಲು ಒಂದು ಕ್ಷಣ ಸಾಕು. ಆದರೆ ಎರಡೆಕರೆ ಹೊಲವನ್ನು ಯಾರೂ ಹೆಗಲ ಮೇಲೆ ಹೊತ್ತು ಹೋಗಲಾರರು; ಐವತ್ತು ವರ್ಷ ಆ ಹೊಲದಲ್ಲಿ ದುಡಿದವನು ಮರುದಿನ ಬೇರೊಂದು ಕಸುಬು ಕಲಿಯಲಾರನು. ಬಂಡವಾಳಕ್ಕೆ ಕಾಲು ಬಂದಿದೆ, ಬೇಸಾಯಗಾರನ ಕಾಲು ಮಣ್ಣಿನಲ್ಲಿಯೇ ಇದೆ. ಮುಂದಿನ ಕಥೆಯೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟುವುದಾಗಿದೆ.

ಮೆಕ್ಸಿಕೊ ದೇಶವನ್ನು ನೋಡೋಣ. ನಾವು ಮೆಕ್ಕೆಜೋಳ ಅಥವಾ ಮುಸುಕಿನ ಜೋಳ ಎಂದು ಕರೆಯುವ ಧಾನ್ಯದ ತವರು ಅದೇ. ನಮಗೆ ಅಕ್ಕಿ, ರಾಗಿ ಹೇಗೋ ಅವರಿಗೆ ಮೆಕ್ಕೆಜೋಳ ಹಾಗೆ; ಅದರ ಹಿಟ್ಟಿನಿಂದ ತಟ್ಟಿದ ತೊರ್ತಿಯ ಎಂಬ ರೊಟ್ಟಿಯೇ ಅವರ ನಿತ್ಯದ ಆಹಾರ. 1994ರ ಜನವರಿ 1ರಂದು ಮೆಕ್ಸಿಕೊ, ಅಮೆರಿಕ ಸಂಯುಕ್ತ ಸಂಸ್ಥಾನ, ಕೆನಡ ಈ ಮೂರು ದೇಶಗಳ ನಡುವಣ ಮುಕ್ತ ವ್ಯಾಪಾರದ ಒಪ್ಪಂದ ಜಾರಿಗೆ ಬಂದಿತು. ಅದೇ ದಿನ ದಕ್ಷಿಣದ ಚಿಯಾಪಾಸ್ ಪ್ರಾಂತದಲ್ಲಿ ಮೂಲನಿವಾಸಿ ರೈತರು ಬಂಡಾಯವೆದ್ದರು. ಅವರ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಮೆಕ್ಸಿಕೊ ಕ್ರಾಂತಿಯ ಫಲವಾಗಿ 1917ರ ಸಂವಿಧಾನದ 27ನೆಯ ವಿಧಿ ಗ್ರಾಮಸಮುದಾಯಗಳಿಗೆ ನೆಲ ಹಂಚಲು ದಾರಿಮಾಡಿತ್ತು; ಆ ನೆಲವನ್ನು ಉಳಬಹುದಾಗಿತ್ತು, ಮಾರುವಂತಿರಲಿಲ್ಲ. ಒಪ್ಪಂದಕ್ಕೆ ಸಿದ್ಧತೆ ನಡೆದಿದ್ದ 1992ರಲ್ಲಿ ಆ ವಿಧಿಯನ್ನು ತಿದ್ದಿ, ಅಂತಹ ನೆಲವನ್ನು ಗುತ್ತಿಗೆಗೆ ಕೊಡಲೂ ಮಾರಲೂ ಅವಕಾಶ ಮಾಡಲಾಯಿತು. ವ್ಯಾಪಾರದ ಬಾಗಿಲನ್ನೂ ನೆಲದ ಬಾಗಿಲನ್ನೂ ಜೊತೆಜೊತೆಯಾಗಿಯೇ ತೆರೆದರೆಂಬುದನ್ನು ವಾಚಕರು ಗಮನಿಸಬೇಕು.

ಒಪ್ಪಂದದ ಬರಹದಲ್ಲಿ ಮೆಕ್ಕೆಜೋಳಕ್ಕೆ ರಕ್ಷಣೆ ಇರಲಿಲ್ಲವೆಂದಲ್ಲ. ಮೊದಲ ವರ್ಷ ಅಮೆರಿಕದಿಂದ 25 ಲಕ್ಷ ಟನ್ನು ಮಾತ್ರ ಸುಂಕವಿಲ್ಲದೆ ಬರಬಹುದು, ಅದಕ್ಕೆ ಮೀರಿದ್ದಕ್ಕೆ ಭಾರಿ ಸುಂಕ, ಆ ಸುಂಕ ಮೆಲ್ಲಮೆಲ್ಲನೆ ಇಳಿದು 2008ಕ್ಕೆ ಪೂರ್ತಿ ಹೋಗುವುದು, ಹೀಗೆಂದು ಬರೆದಿತ್ತು. ರೈತನು ಬೇರೆ ಬೆಳೆಗೆ ಹೊರಳಿಕೊಳ್ಳಲು ಸುಮಾರು ಹದಿನೈದು ವರ್ಷದ ಅವಧಿ ಎಂಬುದು ಇದರ ಅರ್ಥ. ಆದರೆ ನಡೆದದ್ದೇ ಬೇರೆ. ಮಿತಿಗೆ ಮೀರಿ ಧಾನ್ಯ ಬಂದಾಗಲೂ ಮೆಕ್ಸಿಕೊ ಸರ್ಕಾರ ಆ ಸುಂಕವನ್ನು ವಸೂಲು ಮಾಡಲಿಲ್ಲ. ಪಟ್ಟಣದ ಬೆಲೆಗಳು ಹಿಡಿತದಲ್ಲಿರಲಿ, ಕೋಳಿ ಮತ್ತು ಹಂದಿ ಸಾಕುವವರಿಗೆ ಮೇವು ಅಗ್ಗವಾಗಲಿ ಎಂಬುದು ಅದರ ವಿಚಾರ. ಅತ್ತ ಅಮೆರಿಕದ ರೈತನಿಗೆ ಸಾವಿರಾರು ಎಕರೆ, ಯಂತ್ರಗಳು, ಅದರ ಮೇಲೆ ಸರ್ಕಾರದ ಸಹಾಯಧನ. ಇತ್ತ ಮಳೆಯನ್ನೇ ನಂಬಿ ಗುಡ್ಡದ ಇಳಿಜಾರಿನಲ್ಲಿ ಕೆಲವು ಎಕರೆ ಬಿತ್ತುವ ರೈತ. ಹೆಸರಿಗೆ ಇದು ಸ್ಪರ್ಧೆ.

ಬೆಲೆ ಇಳಿದರೆ ಕೊಳ್ಳುವವನಿಗಾದರೂ ಅನುಕೂಲವಾಗಬೇಕಲ್ಲವೆ? ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವೆಂಬ ಗಾದೆ ಇಲ್ಲಿ ನಿಜವಾಯಿತು. ರೈತನಿಗೆ ಸಿಗುವ ಧಾನ್ಯದ ಬೆಲೆ ಕುಸಿಯಿತು. ಆದರೆ ಸರ್ಕಾರ 1999ರಲ್ಲಿ ರೊಟ್ಟಿಯ ಸಹಾಯಧನವನ್ನು ನಿಲ್ಲಿಸಿ, ಧಾನ್ಯ ಕೊಳ್ಳುತ್ತಿದ್ದ ತನ್ನ ಸಂಸ್ಥೆಯನ್ನೂ ಮುಚ್ಚಿದ್ದರಿಂದ ತೊರ್ತಿಯದ ಬೆಲೆ ಏರಿತು. ನಡುವಣ ಅಂತರ ಹಿಟ್ಟಿನ ಗಿರಣಿಗಳ ಮತ್ತು ದೊಡ್ಡ ವ್ಯಾಪಾರಿಗಳ ಪಾಲಾಯಿತು. 1993ರ ಕೊನೆಗೆ ಮೆಕ್ಸಿಕೊದ ಬೇಸಾಯದಲ್ಲಿ ಸುಮಾರು 81 ಲಕ್ಷ ಜನ ಕೆಲಸದಲ್ಲಿದ್ದರು. 2002ಕ್ಕೆ ಅವರ ಸಂಖ್ಯೆ ಸುಮಾರು 68 ಲಕ್ಷಕ್ಕೆ ಇಳಿದಿತ್ತು. ಹೀಗೆ ಹೊಲ ಬಿಟ್ಟವರಲ್ಲಿ ಅನೇಕರು ಗಡಿ ದಾಟಿ ಅಮೆರಿಕದ ತೋಟಗಳಿಗೆ ಕೂಲಿಗೆ ಹೋದರು. ಧಾನ್ಯಕ್ಕೆ ಗಡಿ ತೆರೆದಿತ್ತು. ಅದನ್ನು ಬೆಳೆಯುತ್ತಿದ್ದವನಿಗೆ ತೆರೆದಿರಲಿಲ್ಲವಾದ್ದರಿಂದ ಕಳ್ಳದಾರಿಯಲ್ಲಿ ಹೋಗಬೇಕಾಯಿತು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮುಖವೂ ಇದೆ. ಎಲ್ಲ ಕಷ್ಟಕ್ಕೂ ಒಪ್ಪಂದವೊಂದೇ ಕಾರಣವಲ್ಲ. 1994ರ ಡಿಸೆಂಬರಿನಲ್ಲಿ ಅಲ್ಲಿಯ ನಾಣ್ಯದ ಬೆಲೆ ಕುಸಿದು ದೇಶವೇ ಸಂಕಟಕ್ಕೊಳಗಾಗಿತ್ತು. ಮೆಕ್ಸಿಕೊದ ಮೆಕ್ಕೆಜೋಳದ ಒಟ್ಟು ಬೆಳೆಯೂ ಕಡಿಮೆಯಾಗಲಿಲ್ಲ; ನೀರಾವರಿಯುಳ್ಳ ಉತ್ತರದ ದೊಡ್ಡ ಹೊಲಗಳಲ್ಲಿ ಅದು ಹೆಚ್ಚಿತು. ಟೊಮ್ಯಾಟೊ, ತರಕಾರಿ, ಹಣ್ಣುಗಳ ರಫ್ತು ಬಹುವಾಗಿ ಬೆಳೆಯಿತು. 1914ರಿಂದ ಅಮೆರಿಕ ನಿಷೇಧಿಸಿದ್ದ ಮೆಕ್ಸಿಕೊದ ಬೆಣ್ಣೆಹಣ್ಣಿಗೆ 1997ರಲ್ಲಿ ಬಾಗಿಲು ತೆರೆದು, ಮಿಚೊವಕಾನ್ ಪ್ರಾಂತದ ತೋಟಗಾರರು ಶ್ರೀಮಂತರಾದರು. ಹಾಗಾದರೆ ಮೆಕ್ಸಿಕೊ ದೇಶಕ್ಕೆ ಲಾಭವೋ ನಷ್ಟವೋ? ನೀರು, ಸಾಲ, ರಸ್ತೆ, ಒಳ್ಳೆಯ ನೆಲ ಇದ್ದು ಬೆಳೆಯನ್ನು ಬದಲಿಸಬಲ್ಲವನಿಗೆ ಲಾಭ, ಬದಲಿಸಲಾರದವನಿಗೆ ನಷ್ಟ. ಒಂದೇ ದೇಶದೊಳಗೆ ಎರಡು ಉತ್ತರ. ಆ ಒಪ್ಪಂದದ ಸ್ಥಾನದಲ್ಲಿ 2020ರ ಜುಲೈ 1ರಿಂದ ಹೊಸದೊಂದು ಒಪ್ಪಂದ ಬಂದಿತು. ಆದರೆ ಊರು ಬಿಟ್ಟು ಹೋದವರ ಹೊಲಗಳು ಅದರಿಂದ ಹಿಂದಿರುಗಲಿಲ್ಲ.

ಇಲ್ಲಿಯವರೆಗೆ ಬೆಳೆಯ ಮಾತಾಯಿತು. ಬಂಡವಾಳ ನೆಲವನ್ನೇ ಹುಡುಕಿಕೊಂಡು ಹೊರಟದ್ದು ಏಕೆ ಎಂಬುದನ್ನು ಈಗ ನೋಡೋಣ. 2007 ಮತ್ತು 2008ರಲ್ಲಿ ಲೋಕದ ಧಾನ್ಯದ ಬೆಲೆಗಳು ಒಮ್ಮೆಲೇ ಏರಿದವು. ತನ್ನ ಜನರಿಗೆ ಅಕ್ಕಿ ಸಾಲದೆ ಹೋದೀತೆಂಬ ಅಂಜಿಕೆಯಿಂದ ಭಾರತವು ಬಾಸ್ಮತಿಯಲ್ಲದ ಅಕ್ಕಿಯ ರಫ್ತನ್ನು ತಡೆಯಿತು. ವಿಯಟ್ನಾಮೂ ರಫ್ತಿಗೆ ಕಡಿವಾಣ ಹಾಕಿತು. ಕೆಲವೇ ತಿಂಗಳಲ್ಲಿ ಅಕ್ಕಿಯ ಅಂತರರಾಷ್ಟ್ರೀಯ ಬೆಲೆ ಎರಡು ಪಟ್ಟಿಗೂ ಮೀರಿತು. ಸೌದಿ ಅರೇಬಿಯ, ದಕ್ಷಿಣ ಕೊರಿಯದಂತಹ ಧಾನ್ಯ ಕೊಳ್ಳುವ ದೇಶಗಳಿಗೆ ಆಗ ಒಂದು ಸತ್ಯ ಹೊಳೆಯಿತು: ಕೈಯಲ್ಲಿ ಹಣವಿದ್ದರೂ, ಮಾರುವವನು ಬಾಗಿಲು ಹಾಕಿಕೊಂಡರೆ ಅನ್ನ ಸಿಗುವುದಿಲ್ಲ. ಸೌದಿ ಅರೇಬಿಯವಂತೂ ಅದೇ 2008ರಲ್ಲಿ, ಅಂತರ್ಜಲ ಬತ್ತುತ್ತಿದೆಯೆಂದು ತನ್ನ ಗೋಧಿ ಬೇಸಾಯವನ್ನು ಕ್ರಮೇಣ ನಿಲ್ಲಿಸಲು ತೀರ್ಮಾನಿಸಿತ್ತು. ಅಂಗಡಿಯನ್ನು ನಂಬುವ ಬದಲು ಹೊಲವನ್ನೇ ಹಿಡಿಯುವುದು ಮೇಲೆಂದು ಕಂಪನಿಗಳೂ ಸರ್ಕಾರಗಳೂ ಹೊರಟವು. ಬೆಲೆ ಏರಿದರೆ ಲಾಭವೆಂದು ಹಣಕಾಸಿನ ಸಂಸ್ಥೆಗಳೂ ಹಿಂದೆ ಬಂದವು. 2009ರ ಅಂತ್ಯಕ್ಕೆ ಮುಂಚೆಯೇ 4 ಕೋಟಿ ಹೆಕ್ಟೇರಿಗೂ ಮಿಗಿಲಾದ ನೆಲದ ವ್ಯವಹಾರಗಳು ಪ್ರಕಟವಾಗಿದ್ದವೆಂದು ವಿಶ್ವಬ್ಯಾಂಕಿನ ವರದಿ ಲೆಕ್ಕಹಾಕಿತು. ಅದರಲ್ಲಿ ಹೆಚ್ಚಿನ ಪಾಲು ಆಫ್ರಿಕದ್ದು.

ಈ ನೂಕುನುಗ್ಗಲಿನಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಹಿಂದೂ ಮಹಾಸಾಗರದ ಮಡಗಾಸ್ಕರ್ ದ್ವೀಪದ ಪ್ರಕರಣ. ದಕ್ಷಿಣ ಕೊರಿಯದ ಡೇವೂ ಲಾಜಿಸ್ಟಿಕ್ಸ್ ಕಂಪನಿಯು ಅಲ್ಲಿ 13 ಲಕ್ಷ ಹೆಕ್ಟೇರ್ ನೆಲವನ್ನು 99 ವರ್ಷಗಳ ಗುತ್ತಿಗೆಗೆ ಪಡೆದು ಮೆಕ್ಕೆಜೋಳವನ್ನೂ ತಾಳೆ ಎಣ್ಣೆಯನ್ನೂ ಬೆಳೆಯಲಿದೆಯೆಂಬ ಸುದ್ದಿ 2008ರ ನವೆಂಬರಿನಲ್ಲಿ ಹೊರಬಿತ್ತು. ಈ ವಿಸ್ತಾರ ಎಷ್ಟೆಂದರೆ, ನಮ್ಮ ಬೆಳಗಾವಿ ಜಿಲ್ಲೆಯ ಊರು, ಕಾಡು, ಹೊಳೆ, ಹೊಲ ಎಲ್ಲವನ್ನೂ ಸೇರಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ನೆಲಕ್ಕೆ ಪ್ರತಿಯಾಗಿ ಬಾಡಿಗೆಯೆಂದು ಹಣವೇನೂ ಇಲ್ಲ, ರಸ್ತೆ, ನೀರಾವರಿ, ಉದ್ಯೋಗ ಸಿಗುವುದೆಂದು ವರದಿಯಾಗಿತ್ತು. ಹಿರಿಯರ ಸಮಾಧಿಗಳಿರುವ ಮಣ್ಣನ್ನು ಪವಿತ್ರವೆಂದು ಭಾವಿಸುವ ಅಲ್ಲಿಯ ಜನಕ್ಕೆ ಈ ವಿಷಯ ತಿಳಿದದ್ದು ತಮ್ಮ ಸರ್ಕಾರದಿಂದಲ್ಲ, ಹೊರದೇಶದ ಪತ್ರಿಕೆಯಿಂದ. ಮೊದಲೇ ಅಸಮಾಧಾನದಿಂದ ಕುದಿಯುತ್ತಿದ್ದ ರಾಜಧಾನಿಯಲ್ಲಿ ಇದು ಬೆಂಕಿಗೆ ತುಪ್ಪ ಸುರಿದಂತಾಯಿತು. 2009ರ ಮಾರ್ಚಿಯಲ್ಲಿ ರಾಷ್ಟ್ರಾಧ್ಯಕ್ಷ ಮಾರ್ಕ್ ರವಲೊಮನಾನ ಅಧಿಕಾರ ಕಳೆದುಕೊಂಡರು. ಅವರ ಸ್ಥಾನಕ್ಕೆ ಬಂದ ಆಂಡ್ರಿ ರಜೊಯೆಲಿನ ಆ ಯೋಜನೆ ರದ್ದಾಯಿತೆಂದು ಸಾರಿದರು. ಕಂಪನಿಗೂ ಬೆಳೆ ಸಿಗಲಿಲ್ಲ, ಸರ್ಕಾರವೂ ಉಳಿಯಲಿಲ್ಲ. ಉಳುವವನನ್ನು ಕೇಳದೆ ಮಾಡಿದ ವ್ಯವಹಾರ ಬಂಡವಾಳಗಾರನಿಗೂ ಭದ್ರವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಇಷ್ಟನ್ನು ಓದುವಾಗ ನಾವು ನಮ್ಮನ್ನು ಸಹಜವಾಗಿಯೇ ಬಡರೈತನ ಪಕ್ಷದಲ್ಲಿ ಕೂರಿಸಿಕೊಂಡಿರುತ್ತೇವೆ. ಹೊರಗಿನಿಂದ ಬರುವ ಶ್ರೀಮಂತ ಕಂಪನಿಯೆಂದರೆ ಯೂರೋಪಿನದೋ ಅಮೆರಿಕದ್ದೋ ಎಂದು ನಮ್ಮ ಭಾವನೆ. ಆದರೆ ಇಥಿಯೋಪಿಯದ ಗಂಬೆಲ್ಲ ಪ್ರಾಂತದಲ್ಲಿ ಹಾಗೆ ಬಂದದ್ದು ನಮ್ಮ ಬೆಂಗಳೂರಿನ ಕಂಪನಿ. ಗುಲಾಬಿ ಹೂವಿನ ವ್ಯಾಪಾರದಿಂದ ಬೆಳೆದ ಕರುತುರಿ ಸಂಸ್ಥೆ ಮೊದಲು ಇಥಿಯೋಪಿಯದಲ್ಲಿ ಹೂತೋಟ ಹಾಕಿತು. 2007ರಲ್ಲಿ ಕೀನ್ಯದ ನೈವಾಷ ಸರೋವರದ ಬಳಿ ದೊಡ್ಡದೊಂದು ಗುಲಾಬಿ ತೋಟವನ್ನು ಕೊಂಡಿತು. ಬೆಂಗಳೂರಿನಲ್ಲಿಯೇ ಹೂ ಬೆಳೆಯಬಹುದಾಗಿತ್ತಲ್ಲ, ಆಫ್ರಿಕಕ್ಕೆ ಏಕೆ ಹೋಗಬೇಕು? ಹವೆ, ಅಗ್ಗದ ಕೂಲಿ, ಯೂರೋಪಿಗೆ ಹತ್ತಿರ, ಇವು ಕೆಲವು ಕಾರಣಗಳು. ಇನ್ನೊಂದು ಕಾರಣ ಸುಂಕ. ಅತಿ ಹಿಂದುಳಿದ ದೇಶಗಳ ಸರಕಿಗೆ ಯೂರೋಪಿನ ಒಕ್ಕೂಟ 2001ರಿಂದ ಸುಂಕವಿಲ್ಲದ ಪ್ರವೇಶ ಕೊಟ್ಟಿತ್ತು. ಬೆಂಗಳೂರಿನಿಂದ ಹೋಗುವ ಹೂವಿಗೆ ಆ ಸೌಲಭ್ಯವಿರಲಿಲ್ಲ. ಬಡ ದೇಶಕ್ಕೆಂದು ಕೊಟ್ಟ ರಿಯಾಯಿತಿಯನ್ನು ಆ ದೇಶದ ನೆಲದ ಮೇಲೆ ನಿಂತವನು ಯಾರಾದರೂ ಪಡೆಯಬಹುದು. ವ್ಯಾಪಾರದ ಒಪ್ಪಂದವೂ ನೆಲದ ಗುತ್ತಿಗೆಯೂ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆಯೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಹೂವಿನಿಂದ ಕಂಪನಿ ಧಾನ್ಯಕ್ಕೆ ಹೊರಳಿತು. 2010ರ ಗುತ್ತಿಗೆಯ ಪ್ರಕಾರ ಗಂಬೆಲ್ಲದಲ್ಲಿ ಅದಕ್ಕೆ 1 ಲಕ್ಷ ಹೆಕ್ಟೇರ್ ನೆಲ 50 ವರ್ಷಗಳಿಗೆ ದೊರೆಯಿತು. ಅದನ್ನು ಸರಿಯಾಗಿ ಸಾಗುವಳಿ ಮಾಡಿದರೆ ಇನ್ನೂ 2 ಲಕ್ಷ ಹೆಕ್ಟೇರ್ ಸೇರಿಸುವ ಮಾತಿತ್ತು. ಮೂರೂ ಲಕ್ಷವನ್ನು ಕೂಡಿಸಿದರೆ ಅದು ನಮ್ಮ ಕೊಡಗು ಜಿಲ್ಲೆಯ ಮುಕ್ಕಾಲು ಪಾಲಿಗೆ ಹತ್ತಿರವಾಗುತ್ತದೆ. ಗುತ್ತಿಗೆಯ ಹಣ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್, ಅಂದರೆ ಅಂದಿನ ಲೆಕ್ಕದಲ್ಲಿ ನಮ್ಮ ನೂರು ರೂಪಾಯಿಗಿಂತಲೂ ಕಡಿಮೆ. ನಮ್ಮಲ್ಲಿ ಒಂದೆಕರೆ ಖುಷ್ಕಿ ಹೊಲಕ್ಕೆ ಎಷ್ಟು ಗುತ್ತಿಗೆಯೆಂದು ಬಲ್ಲವರಿಗೆ ಈ ಮೊತ್ತದ ಅರ್ಥವನ್ನು ವಿವರಿಸಬೇಕಾಗಿಲ್ಲ. ಇಷ್ಟು ಅಗ್ಗವಾಗಿ ಕೊಡಲು ಸರ್ಕಾರಕ್ಕೆ ಹೇಗೆ ಸಾಧ್ಯವಾಯಿತು? ಇಥಿಯೋಪಿಯದ ಸಂವಿಧಾನದಂತೆ ನೆಲ ಸರ್ಕಾರದ ಮತ್ತು ಜನತೆಯ ಸೊತ್ತು; ರೈತನಿಗೆ ಉಳುವ ಹಕ್ಕಿದೆ, ಮಾರುವ ಹಕ್ಕಿಲ್ಲ. ಸರ್ಕಾರದ ಕಡತದಲ್ಲಿ ಗಂಬೆಲ್ಲದ ನೆಲ ಪಾಳುಬಿದ್ದದ್ದೆಂದು ಇತ್ತು. ಆದರೆ ಅಲ್ಲಿಯ ಅನುವಾಕ್ ಜನ ಒಂದು ಜಾಗದಲ್ಲಿ ಕೆಲವು ವರ್ಷ ಬಿತ್ತಿ, ಮಣ್ಣಿಗೆ ವಿಶ್ರಾಂತಿ ಕೊಟ್ಟು, ಬೇರೆಡೆಗೆ ಹೋಗಿ ಮತ್ತೆ ಬರುವವರು. ನುಏರ್ ಜನ ದನ ಮೇಯಿಸುವವರು. ಅವರಿಗೆ ಅದು ಪಾಳು ನೆಲವಲ್ಲ, ಸರದಿಗಾಗಿ ಕಾಯುವ ನೆಲ. ನಮ್ಮ ಗೋಮಾಳಗಳನ್ನು ಯಾರದೂ ಅಲ್ಲದ ನೆಲವೆಂದು ಹೊರಗಿನವನೊಬ್ಬ ಹೇಳಿದರೆ ನಮಗೆ ಹೇಗೆನಿಸುವುದೋ ಅವರಿಗೂ ಹಾಗೆಯೇ ಅನಿಸಿರಬೇಕು. ಅದೇ ಕಾಲದಲ್ಲಿ ಸರ್ಕಾರ ಚದುರಿದ ಹಳ್ಳಿಗಳನ್ನು ಒಂದೆಡೆ ಕೂಡಿಸುವ ಯೋಜನೆ ಹೂಡಿತು. ಜನರನ್ನು ಬಲಾತ್ಕಾರದಿಂದ ಎಬ್ಬಿಸಲಾಯಿತೆಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2012ರಲ್ಲಿ ವರದಿಮಾಡಿತು, ಸರ್ಕಾರ ಅದನ್ನು ಅಲ್ಲಗಳೆಯಿತು.

ಕೊನೆಗೆ ಏನಾಯಿತು? 2011ರಲ್ಲಿ ಬಾರೊ ನದಿಯ ಪ್ರವಾಹ ಮೆಕ್ಕೆಜೋಳದ ಬೆಳೆಯನ್ನು ನುಂಗಿತು. ಆ ನದಿಯ ಬಯಲು ಮಳೆಗಾಲದಲ್ಲಿ ನೀರಿನಡಿ ಮುಳುಗುವುದು ಅಲ್ಲಿಯ ದನಗಾಹಿಗೆ ಹೊಸ ಸಂಗತಿಯಲ್ಲ. 2014ರಲ್ಲಿ ಕೀನ್ಯದ ಗುಲಾಬಿ ತೋಟ ಸಾಲ ಕೊಟ್ಟ ಬ್ಯಾಂಕಿನ ಮೂಲಕ ರಿಸೀವರರ ವಶಕ್ಕೆ ಹೋಯಿತು. 2015ರ ಡಿಸೆಂಬರಿನಲ್ಲಿ ಇಥಿಯೋಪಿಯ ಸರ್ಕಾರ ಗಂಬೆಲ್ಲದ ಗುತ್ತಿಗೆಯನ್ನು ರದ್ದುಮಾಡಿತು. ಕೊಟ್ಟ 1 ಲಕ್ಷ ಹೆಕ್ಟೇರಿನಲ್ಲಿ ಕೇವಲ 1,200 ಹೆಕ್ಟೇರನ್ನು ಮಾತ್ರ ಅಭಿವೃದ್ಧಿಪಡಿಸಲಾಗಿದೆಯೆಂಬುದು ಅದರ ಆಪಾದನೆ, ಕಂಪನಿ ಇದನ್ನು ಒಪ್ಪಲಿಲ್ಲ. ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದಂತಾಯಿತು. ಬೆಂಗಳೂರಿನ ಷೇರುದಾರರು ಹಣ ಕಳೆದುಕೊಂಡರು, ಸಾಲ ಕೊಟ್ಟ ಬ್ಯಾಂಕುಗಳು ಕೈ ಸುಟ್ಟುಕೊಂಡವು. ಆದರೆ ಷೇರುದಾರನು ಒಂದು ಷೇರಿನ ನಷ್ಟವನ್ನು ಇನ್ನೊಂದರಲ್ಲಿ ತುಂಬಿಕೊಳ್ಳಬಹುದು. ಮೇವಿನ ಬಯಲು ಕಳೆದುಕೊಂಡವನಿಗೆ ಇನ್ನೊಂದು ಬಯಲಿಲ್ಲ.

ಇದರಿಂದ ವಿದೇಶೀ ಬಂಡವಾಳವೇ ಕೆಟ್ಟದ್ದೆಂದು ತೀರ್ಮಾನಿಸಬಾರದು. ಅದೇ ಇಥಿಯೋಪಿಯದಲ್ಲಿ ಹೂವಿನ ತೋಟಗಳು ಕಡಿಮೆ ನೆಲದಲ್ಲಿ ಸಾವಿರಾರು ಜನರಿಗೆ, ಅದರಲ್ಲಿಯೂ ಹೆಂಗಸರಿಗೆ, ಕೆಲಸ ಕೊಟ್ಟಿವೆ. ಗುಲಾಬಿಯನ್ನು ಕೈಯಿಂದಲೇ ಬಿಡಿಸಬೇಕು. ಮೆಕ್ಕೆಜೋಳವನ್ನು ಯಂತ್ರ ಕೊಯ್ಯುತ್ತದೆ. ಆದುದರಿಂದ ಎಷ್ಟು ಬಂಡವಾಳ ಬಂದಿತು ಎಂಬುದಕ್ಕಿಂತ, ಒಂದು ಎಕರೆಗೆ ಎಷ್ಟು ಜನರಿಗೆ ಅನ್ನ ಸಿಕ್ಕಿತು, ಅದಕ್ಕೆ ಮೊದಲು ಅದೇ ಎಕರೆಯಲ್ಲಿ ಎಷ್ಟು ಜನ ಉಣ್ಣುತ್ತಿದ್ದರು ಎಂಬುದೇ ಸರಿಯಾದ ಲೆಕ್ಕ.

ಈಗ ನಮ್ಮ ಮನೆಯ ಬಾಗಿಲಿಗೆ ಬರೋಣ. ಭಾರತ ಮತ್ತು ಶ್ರೀಲಂಕಾಗಳ ನಡುವೆ 1998ರ ಡಿಸೆಂಬರಿನಲ್ಲಿ ಸಹಿಯಾದ ಮುಕ್ತ ವ್ಯಾಪಾರದ ಒಪ್ಪಂದ 2000ದ ಮಾರ್ಚಿಯಲ್ಲಿ ಜಾರಿಗೆ ಬಂದಿತು. ಇತರ ದೇಶಗಳ ಕರಿಮೆಣಸಿಗೆ ನಮ್ಮಲ್ಲಿ ಭಾರಿ ಸುಂಕವಿದ್ದರೆ, ಶ್ರೀಲಂಕಾದ ಮೆಣಸು ನಿಗದಿಯಾದ ಪ್ರಮಾಣದವರೆಗೆ ಸುಂಕವಿಲ್ಲದೆ ಬರಬಹುದಾಯಿತು. ಇತ್ತ ವಿಯಟ್ನಾಮು ಲೋಕದಲ್ಲೇ ಅತಿ ಹೆಚ್ಚು ಮೆಣಸು ಬೆಳೆಯುವ ದೇಶವಾಗಿ ಬೆಳೆದುನಿಂತಿತ್ತು. ವಿಯಟ್ನಾಮಿನ ಅಗ್ಗದ ಮೆಣಸು ಶ್ರೀಲಂಕಾದ ಹೆಸರು ಹೊತ್ತು ನಮ್ಮ ದೇಶಕ್ಕೆ ಬರುತ್ತಿದೆಯೆಂದು ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಮೊರೆಯಿಟ್ಟರು. 2016ರ ಸುಮಾರಿಗೆ ಕಿಲೋಗೆ 700 ರೂಪಾಯಿಯ ಆಸುಪಾಸಿನಲ್ಲಿದ್ದ ಬೆಲೆ ಎರಡು ವರ್ಷದಲ್ಲಿ 400ಕ್ಕಿಂತ ಕೆಳಗಿಳಿಯಿತು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದಾಗುವ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಬೆಲೆಯನ್ನು ಗೊತ್ತುಪಡಿಸಿತು. ಒಪ್ಪಂದ ಜಾರಿಯಾಗಿ ಆಗ ಹದಿನೇಳು ವರ್ಷಗಳು ಕಳೆದಿದ್ದವು.

ನಮ್ಮ ಮನೆಯಲ್ಲಿ ಮೆಣಸೆಂದರೆ ಬೆಳೆಗಿಂತ ಹೆಚ್ಚಾಗಿ ಉಳಿತಾಯದ ಖಾತೆ. ಒಣಗಿಸಿ ಚೀಲದಲ್ಲಿ ಕಟ್ಟಿಟ್ಟರೆ ಕೆಡುವುದಿಲ್ಲ; ಕಾಲೇಜಿನ ಶುಲ್ಕ, ಆಸ್ಪತ್ರೆಯ ಖರ್ಚು ಎದುರಾದಾಗ ಒಂದು ಚೀಲ ಮಂಡಿಗೆ ಹೋಗುತ್ತದೆ. ಬೆಲೆ ಬಿದ್ದ ವರ್ಷಗಳಲ್ಲಿ ತಂದೆಯವರು ಚೀಲಗಳನ್ನು ಹಿಡಿದಿಟ್ಟುಕೊಂಡು ಕಾದರು. ಕಾಯುವಷ್ಟು ತ್ರಾಣವಿಲ್ಲದ ನೆರೆಯವರು ಬಂದ ಬೆಲೆಗೆ ಮಾರಿದರು. ಕೆಲವರು ಬಳ್ಳಿಗೆ ರೋಗ ಬಂದಾಗ ಮದ್ದು ಹೊಡೆಯುವುದನ್ನೂ ಬಿಟ್ಟರು. ಇದೇ ಸಮಯದಲ್ಲಿ ಮೆಣಸನ್ನು ತರಿಸಿ ಅದರ ಸತ್ತ್ವ ತೆಗೆದು ಮರಳಿ ರಫ್ತುಮಾಡುವ ಕಾರ್ಖಾನೆಗಳಿಗೆ ಅಗ್ಗದ ಕಚ್ಚಾಮಾಲು ಅನುಕೂಲವಾಗಿಯೇ ಇತ್ತು. ಅಲ್ಲಿಯೂ ಕೆಲಸಗಾರರಿದ್ದಾರೆ, ಅವರೂ ಈ ದೇಶದವರೇ. ಪೇಟೆಯ ಅಂಗಡಿಯಲ್ಲಿ ಪೊಟ್ಟಣದ ಮೆಣಸಿನ ಪುಡಿಯ ಬೆಲೆ ಮಾತ್ರ ಅಷ್ಟೇ ವೇಗದಲ್ಲಿ ಇಳಿದದ್ದನ್ನು ನಾನು ಕಾಣಲಿಲ್ಲ. ಮೆಕ್ಸಿಕೊದ ರೊಟ್ಟಿಯ ಕಥೆಗೂ ಇದಕ್ಕೂ ಹೋಲಿಕೆಯಿದೆ.

ಹಾಲಿನ ವಿಷಯದಲ್ಲಿ ಆದದ್ದು ಬೇರೆ. ಏಷ್ಯ ಮತ್ತು ಪೆಸಿಫಿಕ್ ಭಾಗದ ಹದಿನಾರು ದೇಶಗಳು ಸೇರಿ ಮಾಡಹೊರಟಿದ್ದ ದೊಡ್ಡ ಒಪ್ಪಂದದಲ್ಲಿ ಭಾರತವೂ ವರ್ಷಗಟ್ಟಲೆ ಮಾತುಕತೆ ನಡೆಸಿತ್ತು. ಅದಕ್ಕೆ ಸಹಿ ಹಾಕಿದರೆ ನ್ಯೂಜಿಲೆಂಡ್, ಆಸ್ಟ್ರೇಲಿಯಗಳ ಹಾಲಿನಪುಡಿ ಅಗ್ಗವಾಗಿ ಬರುವುದೆಂದು ದೇಶದ ಹಾಲು ಉತ್ಪಾದಕರು, ಅವರ ಸಹಕಾರ ಸಂಘಗಳು, ರೈತಸಂಘಗಳು ಮುಂಚಿತವಾಗಿಯೇ ದನಿಯೆತ್ತಿದವು. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ತಾನು ಸೇರುವುದಿಲ್ಲವೆಂದು ತಿಳಿಸಿತು. ಸೇರದಿದ್ದುದು ಸರಿಯೋ ತಪ್ಪೋ ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ನಿರಾಕರಣೆಗೆ ಕೈಗಾರಿಕೆಯ ಅಂಜಿಕೆಯೂ ಕಾರಣವಾಗಿತ್ತು. ನಾನು ಎತ್ತಿ ಹೇಳಬೇಕೆಂದಿರುವುದು ಇಷ್ಟೇ: ದಿನಕ್ಕೆ ನಾಲ್ಕು ಲೀಟರ್ ಹಾಲು ಹಾಕುವವಳಿಗೆ ಒಂಟಿಯಾಗಿ ದೆಹಲಿಯಲ್ಲಿ ದನಿಯಿಲ್ಲ, ಆದರೆ ಅವಳ ಹಿಂದೆ ಊರಿನ ಡೈರಿಯಿತ್ತು, ಡೈರಿಯ ಹಿಂದೆ ಒಕ್ಕೂಟವಿತ್ತು. ಆದುದರಿಂದ ಅವಳ ಮಾತು ಸಹಿಗೆ ಮುಂಚೆ ತಲುಪಿತು. ಮೆಣಸಿನವನ ಮಾತು ಹದಿನೇಳು ವರ್ಷಗಳ ನಂತರ ತಲುಪಿತು.

ನೆಲದ ವಿಷಯದಲ್ಲಿ ನಮ್ಮ ಸ್ಥಿತಿ ಗಂಬೆಲ್ಲದವರದಕ್ಕಿಂತ ಉತ್ತಮ. ಹೊರದೇಶದವರು ಭಾರತದಲ್ಲಿ ಬೇಸಾಯದ ನೆಲ ಕೊಳ್ಳುವಂತಿಲ್ಲ. ಆದರೂ ಬೇಲಿಯಲ್ಲಿ ಅಲ್ಲಲ್ಲಿ ದಾರಿಗಳಿವೆ. ಚಹಾ ತೋಟಗಳಂತೆ ಕಾಫಿ, ರಬ್ಬರ್, ಏಲಕ್ಕಿ ತೋಟಗಳಲ್ಲಿಯೂ ಪೂರ್ಣ ವಿದೇಶೀ ಬಂಡವಾಳಕ್ಕೆ 2015ರ ನವೆಂಬರಿನಲ್ಲಿ ಅನುಮತಿ ಕೊಡಲಾಯಿತು. ಉಳುವವನೇ ನೆಲದೊಡೆಯನೆಂದು 1974ರಲ್ಲಿ ಬಲಗೊಂಡ ಕರ್ನಾಟಕದ ಭೂಸುಧಾರಣಾ ಕಾನೂನು ಬೇಸಾಯಗಾರನಲ್ಲದವನು ಹೊಲ ಕೊಳ್ಳದಂತೆ ತಡೆದಿತ್ತು. 2020ರ ತಿದ್ದುಪಡಿ ಆ ತಡೆಯನ್ನು ತೆಗೆದುಹಾಕಿತು. ಮಾರಬಯಸುವ ರೈತನಿಗೆ ಒಳ್ಳೆಯ ಬೆಲೆ ಸಿಗುವುದೆಂದು ಕೆಲವರೂ, ಕೊಳ್ಳಬಯಸುವ ಸಣ್ಣ ರೈತನಿಗೆ ನೆಲ ಎಟುಕದೆಂದು ಕೆಲವರೂ ವಾದಿಸಿದರು. ಎರಡು ಮಾತುಗಳೂ ನಿಜವಿರಬಹುದು. ಕಾನೂನಿನ ಬೇಲಿ ಕಲ್ಲಿನದಲ್ಲ, ಅದನ್ನು ಕಟ್ಟಿದವರೇ ಬಿಚ್ಚಬಹುದು ಎಂಬುದಂತೂ ಸ್ಪಷ್ಟ.

ಹಾಗಾದರೆ ಮೊದಲಿಗೆ ಕೇಳಿದ ಪ್ರಶ್ನೆಗೆ ಉತ್ತರವೇನು? ನನಗೆ ತೋರುವ ಮಟ್ಟಿಗೆ, ಇಂತಹ ಒಪ್ಪಂದಗಳಿಂದ ಲಾಭ ಹೊಂದುವವರು ಎರಡು ಬಗೆಯವರು. ಒಂದು, ಚಲಿಸಬಲ್ಲವರು: ಒಂದು ಬೆಳೆಯಿಂದ ಇನ್ನೊಂದಕ್ಕೆ, ಒಂದು ದೇಶದಿಂದ ಇನ್ನೊಂದಕ್ಕೆ ಹಣವನ್ನೋ ಸರಕನ್ನೋ ಸಾಗಿಸಬಲ್ಲವರು, ಬೆಲೆ ಬಿದ್ದಾಗ ಕಾಯಬಲ್ಲವರು. ಎರಡು, ಸಹಿಯಾಗುವ ಮುಂಚೆ ಯಾರ ಮಾತನ್ನು ಕೇಳಲಾಗಿತ್ತೋ ಅವರು. ಈ ಎರಡು ಗುಂಪಿನಲ್ಲಿಯೂ ಇಲ್ಲದವನ ಪಾಲಿಗೆ ಉಳಿಯುವುದು ನಷ್ಟ. ಅದು ಮೆಕ್ಸಿಕೊದ ಗುಡ್ಡದ ರೈತನಾಗಿರಬಹುದು, ಬಾರೊ ನದಿಯ ದನಗಾಹಿಯಾಗಿರಬಹುದು, ನಮ್ಮ ನೆರೆಮನೆಯವನೇ ಆಗಿರಬಹುದು. ಬಾಗಿಲನ್ನು ಮುಚ್ಚಿಕೊಂಡು ಕೂರುವುದು ಇದಕ್ಕೆ ಪರಿಹಾರವಲ್ಲ. ಮಲೆನಾಡಿನ ಕಾಫಿಗೂ ಮೆಣಸಿಗೂ ಹೊರಗಿನ ಪೇಟೆ ಇಲ್ಲದೆ ಬದುಕಿಲ್ಲ. ರಿಕಾರ್ಡೊ ತೋರಿಸಿದ ಉಳಿತಾಯ ನಿಜವಾಗಿ ಇದೆಯಾದರೆ, ಅದರಲ್ಲಿ ಒಂದಂಶವನ್ನು ಸೋತವನ ಕೈಗೆ ಮುಟ್ಟಿಸಲು ಸಾಧ್ಯವಿರಬೇಕು. ನೀರಾವರಿ, ಸಾಲ, ಹೊಸ ಬೆಳೆಯ ತರಬೇತಿ, ಕಷ್ಟಕಾಲಕ್ಕೆ ಖರೀದಿ, ಇವೇ ಅದರ ದಾರಿಗಳು. ಇವು ಒಪ್ಪಂದದ ಜೊತೆಗೆ ಬರಬೇಕು, ಹದಿನೇಳು ವರ್ಷ ಕಳೆದಮೇಲಲ್ಲ. ನೆಲದ ವಿಷಯದಲ್ಲಿ, ಅದನ್ನು ಬಳಸುತ್ತಿರುವವರ ಹಕ್ಕು ಕಾಗದದಲ್ಲಿ ಇರಲಿ ಇಲ್ಲದಿರಲಿ ಮಾನ್ಯವಾಗಬೇಕು, ಅವರೊಡನೆ ಸಮಾಲೋಚಿಸಬೇಕು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಶ್ರಯದಲ್ಲಿ 2012ರಲ್ಲಿ ಮಾರ್ಗದರ್ಶಕ ಸೂತ್ರಗಳು ಅಂಗೀಕೃತವಾದವು. ಅವುಗಳನ್ನು ಪಾಲಿಸಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ಕೇಳುವ ಬಾಯಿಗೆ ಅವು ಒಂದು ಆಧಾರ.

ನಮ್ಮ ಕಾಲೇಜಿನಿಂದ ಹೊರಬೀಳುವ ಬಹುಮಂದಿ ಹಳ್ಳಿಗಳಿಂದ ಬಂದವರು. ನಮ್ಮಲ್ಲಿ ಕೆಲವರು ನಾಳೆ ಕಂದಾಯ ಇಲಾಖೆಯಲ್ಲಿ ಪಹಣಿ ಬರೆಯುವವರಾಗುತ್ತೇವೆ. ಕೆಲವರು ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವವರು, ಕೆಲವರು ಶಾಲೆಗಳಲ್ಲಿ ಪಾಠ ಹೇಳುವವರು. ಒಂದಿಬ್ಬರು ಬೆಂಗಳೂರಿನ ಕಂಪನಿಗಳಲ್ಲಿ ಕುಳಿತು ದೂರದ ನೆಲದ ಲೆಕ್ಕ ಹಾಕುವವರೂ ಆಗಬಹುದು. ಎಲ್ಲಿದ್ದರೂ, ದೇಶಕ್ಕೆ ಲಾಭವೆಂಬ ಮಾತು ಕಿವಿಗೆ ಬಿದ್ದಾಗ, ಆ ಲಾಭ ಯಾವ ಮನೆಯ ಕದ ತಟ್ಟಿತು, ಯಾವ ಮನೆಯವರನ್ನು ಮುಂಚೆಯೇ ಕೇಳಲಾಗಿತ್ತು ಎಂದು ವಿಚಾರಿಸುವುದು ನಮ್ಮಿಂದಾಗದ ಕೆಲಸವೇನಲ್ಲ. ಪಾಳು ಎಂದು ಬರೆದಿರುವ ಸರ್ವೆ ನಂಬರಿಗೆ ಒಮ್ಮೆ ಹೋಗಿ, ಅಲ್ಲಿ ಯಾರ ದನ ಮೇಯುತ್ತಿದೆಯೆಂದು ಕಣ್ಣಾರೆ ನೋಡಿದ ಬಳಿಕ ಸಹಿ ಹಾಕುವ ಒಬ್ಬ ಅಧಿಕಾರಿ ನಮ್ಮಿಂದ ಹುಟ್ಟಿದರೂ ನಾವು ಇಲ್ಲಿ ಕಲಿತ ಅರ್ಥಶಾಸ್ತ್ರ ಸಾರ್ಥಕವಾದೀತು.